ಅಜ್ಜಿಯ ಎಲೆಪೆಟ್ಟಿಗೆಗೆ ಪಾಲಿಮರ್ ಕ್ಲೇ ಹಚ್ಚಲೋ ಬೇಡವೋ?

ಕಾಫಿಹೂ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ದಯವಿಟ್ಟು ಪೂರ್ತಿ ಓದಿ.

ನಮ್ಮಜ್ಜಿ ತೀರಿಕೊಂಡು ಮೊನ್ನೆಗೆ ವರ್ಷ ತುಂಬ್ತು. ಅವರ ಎಲೆ-ಅಡಿಕೆ ಪೆಟ್ಟಿಗೆ ಈಗ ನನ್ನ ಹತ್ರ ಇದೆ. ಬೀಟೆ ಮರದ್ದು. ಏಳಿಂಚು ಉದ್ದ, ನಾಲ್ಕಿಂಚು ಅಗಲ. ಮುಚ್ಚಳದ ಮೇಲೆ ಬಳ್ಳಿ ಕೆತ್ತನೆ, ನಡುವೆ ಎಂಟೆಸಳಿನ ಹೂವು. ಒಳಗೆ ಸುಣ್ಣದ ಡಬ್ಬಿಗೊಂದು ಮನೆ, ಅಡಕತ್ತರಿಗೊಂದು ಮನೆ. ಮುಚ್ಚಳ ತೆಗೆದ್ರೆ ಈಗಲೂ ಕಾಚು, ಲವಂಗದ ವಾಸನೆ ಬರುತ್ತೆ. ಹೂವಿನ ಒಂದೆಸಳು ಅರ್ಧ ಮುರಿದಿದೆ. ಮೂಲೆಗಳಲ್ಲಿ ಪಾಲಿಶ್ ಎದ್ದು ಹೋಗಿದೆ. ಅದರ ಮೇಲೆ ಪಾಲಿಮರ್ ಕ್ಲೇಯಲ್ಲಿ (ಓವನ್ನಲ್ಲಿ ಬೇಯಿಸಿ ಗಟ್ಟಿ ಮಾಡೋ ಕ್ಲೇ) ಹೊಸದಾಗಿ ಹೂಬಳ್ಳಿ ಮಾಡಿ, ಒಳಗೆ ಅಜ್ಜಿಯ ಮೂಗುಬೊಟ್ಟು, ಕಾಲುಂಗುರ ಇಟ್ಟು ಕಾಪಾಡಬೇಕು ಅಂತ ನನ್ನಾಸೆ.

ನೇರ ಅದಕ್ಕೇ ಕೈ ಹಾಕೋಕೆ ಭಯ ಆಗಿ, ಜಾತ್ರೇಲಿ ತಂದ ಒಂದು ಸಣ್ಣ ಮರದ ಡಬ್ಬಿ ಮೇಲೆ ಮೊದಲು ಮಾಡಿ ನೋಡಿದೆ. ಸುತ್ತಲೂ ಕ್ಲೇ ಸುತ್ತಿ, ಮುಚ್ಚಳ ಹಾಕಿ, ಓಟಿಜಿಯಲ್ಲಿ (ಮನೇಲಿ ಬಳಸೋ ಸಣ್ಣ ಕರೆಂಟ್ ಓವನ್) 130 ಡಿಗ್ರಿಗೆ 30 ನಿಮಿಷ ಇಟ್ಟೆ. ಹೊರಗೆ ತೆಗೆದಾಗ ಕ್ಲೇ ಅಲ್ಲಲ್ಲಿ ಪೂರಿ ಥರ ಉಬ್ಬಿತ್ತು. ಮುಚ್ಚಳ ಅಂಟಿಕೊಂಡು ಬಿಟ್ಟಿತ್ತು. ಮಾರನೇ ದಿನ ಎರಡು ಮೂಲೆಯಲ್ಲಿ ಸೀಳು. ಹೊಳಪು ಬರಲಿ ಅಂತ ಬಣ್ಣ ಇಲ್ಲದ ನೇಲ್ ಪಾಲಿಶ್ ಹಚ್ಚಿದ್ದೆ, ಮೂರು ವಾರ ಆದ್ರೂ ಇನ್ನೂ ಕೈಗೆ ಅಂಟುತ್ತೆ.

ಎಲ್ಲಿ ತಪ್ಪಿದೆ? ಅಜ್ಜಿ ಪೆಟ್ಟಿಗೆಗೆ ಇದನ್ನ ಮಾಡಬಹುದಾ?

ಹೊಸ ಕೈ (ಹಾಸನ)

ನನಗೂ ಇದೇ ಸಮಸ್ಯೆ ಅಕ್ಕ. ಉಬ್ಬಿದ್ದು ಮಾತ್ರ ಅಲ್ಲ, ಬಿಳಿ ಕ್ಲೇ ಕಂದು ಬಣ್ಣಕ್ಕೆ ತಿರುಗಿತು. ಯಾರಾದರೂ ಹೇಳಿ.

ಸಂತೆಪೇಟೆ ಕೈಕೆಲಸ (ಹಾಸನ)

ಕಾಫಿಹೂ ಅವರೇ, ಮೊದಲು ಒಂದು ಮಾತು. ಅಜ್ಜಿ ಪೆಟ್ಟಿಗೇನ ಓಟಿಜಿ ಹತ್ರಕ್ಕೂ ಒಯ್ಯಬೇಡಿ. ಈಗ ಜಾತ್ರೆ ಡಬ್ಬಿಗೆ ಏನಾಯ್ತು ನೋಡೋಣ. ನಾನು ಮನೇಲಿ ಹೆಣ್ಮಕ್ಕಳಿಗೆ ಈ ಕೆಲಸ ಹೇಳಿಕೊಡ್ತೀನಿ. ನೀವು ಹೇಳಿದ ನಾಲ್ಕೂ ತಪ್ಪು ನನ್ನ ಕೈಯಲ್ಲೂ ಆಗಿವೆ.

ಹೆಸರಲ್ಲಿ ಕ್ಲೇ ಅಂತ ಇದ್ರೂ ಇದರಲ್ಲಿ ಜೇಡಿಮಣ್ಣಿಲ್ಲ. ನಮ್ಮ ನೀರಿನ ಪೈಪ್ ಯಾವುದರಿಂದ ಮಾಡ್ತಾರೋ ಅದೇ ಪಿವಿಸಿಯ ನುಣ್ಣನೆ ಪುಡಿ, ಅದನ್ನ ಮೆತ್ತಗಿಡೋ ಎಣ್ಣೆಯಂಥ ಪ್ಲಾಸ್ಟಿಸೈಸರ್, ಜೊತೆಗೆ ಬಣ್ಣ. ಕುಂಬಾರರ ಮಣ್ಣು ನೀರು ಆರಿ, ಆಮೇಲೆ ಬೆಂಕಿಯಲ್ಲಿ ಸುಟ್ಟು ಗಟ್ಟಿಯಾಗುತ್ತೆ. ಇದು ಗಾಳಿಗಿಟ್ಟರೆ ಗಟ್ಟಿಯಾಗಲ್ಲ. ಬಿಸಿಗೆ ಆ ಎಣ್ಣೆ ಪುಡಿಯೊಳಗೆ ಸೇರಿ, ಕಣಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡಾಗ ಮಾತ್ರ ಗಟ್ಟಿ. ಅದಕ್ಕೇ ಉರಿಯಷ್ಟೇ ಹೊತ್ತೂ ಮುಖ್ಯ. ಫಿಮೋ ಅನ್ನೋ ಕಂಪನಿ ಕ್ಲೇ ಪೊಟ್ಟಣದ ಮೇಲೆ 110 ಡಿಗ್ರಿ ಅಂತಿರುತ್ತೆ, ಸ್ಕಲ್ಪಿ ಮೇಲೆ 130. ನಿಮ್ಮ ಕೈಲಿರೋ ಪೊಟ್ಟಣ ಏನು ಹೇಳುತ್ತೋ ಅದೇ ಲೆಕ್ಕ.

ಉಬ್ಬಿದ್ದಕ್ಕೆ ಕಾರಣ ಮರದೊಳಗಿನ ತೇವ. ಕಣ್ಣಿಗೆ ಒಣಗಿದಂತೆ ಕಂಡರೂ ಮರದಲ್ಲಿ ನೀರಿರುತ್ತೆ, ಅದರಲ್ಲೂ ನಿಮ್ಮ ಮೂಡಿಗೆರೆ ಕಡೆ. ಬಿಸಿಗೆ ಅದು ಆವಿಯಾಗಿ ಹೊರಗೆ ಬರಬೇಕು, ದಾರಿ ಇಲ್ಲದೆ ಕ್ಲೇಯನ್ನೇ ಎತ್ತಿತು. ಕ್ಲೇ ಮತ್ತು ಮರದ ನಡುವೆ ಗಾಳಿ ಸಿಕ್ಕಿಕೊಂಡಿದ್ರೂ ಹೀಗೇ ಆಗುತ್ತೆ. ಮುಂದಿನ ಸಲ ಬರೀ ಡಬ್ಬಿಯನ್ನ 110 ಡಿಗ್ರಿಗೆ ಅರ್ಧ ಗಂಟೆ ಇಟ್ಟು, ಪೂರ್ತಿ ಆರಿದ ಮೇಲೆ ಫೆವಿಕಾಲನ್ನ ತೆಳ್ಳಗೆ ಹಚ್ಚಿ ಒಣಗಲು ಬಿಡಿ. ಆ ಒಣಗಿದ ಪದರವೇ ಕ್ಲೇಗೆ ಹಿಡಿತ ಕೊಡೋದು. ಕ್ಲೇ ಹಾಳೆಯನ್ನ ಒಂದು ತುದಿಯಿಂದ ಒತ್ತುತ್ತಾ ಹೋಗಿ, ಗಾಳಿಗುಳ್ಳೆ ಕಂಡ್ರೆ ಸೂಜಿಯಲ್ಲಿ ಚುಚ್ಚಿ ಸವರಿ.

ಮುಚ್ಚಳ ಯಾವತ್ತೂ ಬೇರೆ ಬೇಯಿಸಬೇಕು. ಬಾಯಿ ಅಂಚಿಗೆ ಕ್ಲೇ ಬರಬಾರದು. ಒಂದು ಮಿಲಿಮೀಟರ್ ಬಂದ್ರೂ ಮುಚ್ಚಳ ಕೂರಲ್ಲ. ತಿರುಗಣಿ ಇದ್ರೆ ಸ್ಕ್ರೂ ಬಿಚ್ಚಿಡಿ.

ನೇಲ್ ಪಾಲಿಶ್ ಹಚ್ಚಲೇಬೇಡಿ. ಅದರಲ್ಲಿರೋ ದ್ರಾವಕವೂ ಕ್ಲೇಯೊಳಗಿನ ಪ್ಲಾಸ್ಟಿಸೈಸರ್ ಕೂಡ ಒಂದಕ್ಕೊಂದು ಆಗಿಬರಲ್ಲ, ವರ್ಷ ಕಳೆದ್ರೂ ಅಂಟು ಹೋಗಲ್ಲ. ಡಬ್ಬದ ಸ್ಪ್ರೇ ವಾರ್ನಿಷ್ ಕೂಡ ಬಹಳ ಸಲ ಹಾಗೇ. ನೀರಲ್ಲಿ ಕರಗೋ ವಾರ್ನಿಷ್ ತಗೊಳ್ಳಿ. ನನ್ನ ಮಟ್ಟಿಗೆ ವಾರ್ನಿಷೇ ಬೇಡ. ವಾಟರ್ ಪೇಪರನ್ನ (ಒದ್ದೆ ಮಾಡಿ ಉಜ್ಜೋ ಉಪ್ಪುಕಾಗದ) ನೀರಲ್ಲಿ ಅದ್ದಿ 400, 600, 800, 1000 ನಂಬರ್ ಅಂತ ಸರದಿಯಲ್ಲಿ ಉಜ್ಜಿ, ಹಳೇ ಜೀನ್ಸ್ ಬಟ್ಟೆಯಲ್ಲಿ ತಿಕ್ಕಿದ್ರೆ ಬರೋ ಹೊಳಪು ಯಾವ ಬಾಟಲಿಯಿಂದಲೂ ಬರಲ್ಲ. ನೀರು ಹಾಕದೆ ಉಜ್ಜಬೇಡಿ, ಪುಡಿ ಮೂಗಿಗೆ ಹೋಗುತ್ತೆ.

ಹೊಸ ಕೈ ಅವರಿಗೆ: ಬಿಳಿ ಕಂದಾಗಿದ್ದು ಕಂಬಿಗೆ ಹತ್ತಿರ ಇಟ್ಟಿದ್ದರಿಂದ. ಓಟಿಜಿಯಲ್ಲಿ ಕಾದ ಕಂಬಿಯ ಝಳ ನೇರ ಹೊಡೆಯುತ್ತೆ. ಮೇಲೆ ಫಾಯಿಲ್ ಹಾಳೆಯನ್ನ ಗುಡಾರದ ಥರ ಮುಚ್ಚಿ. ಗುಂಡಿ 130 ತೋರಿಸಿದ್ರೂ ಒಳಗೆ 150 ಇರಬಹುದು. ಇನ್ನೂರು ಮುನ್ನೂರು ರೂಪಾಯಿಯ ಓವನ್ ಥರ್ಮಾಮೀಟರ್ ಒಂದು ಒಳಗಿಡಿ. ಕ್ಲೇ ಸುಟ್ಟು ಹೊಗೆ ಬಂದ್ರೆ ಸ್ವಿಚ್ ಆರಿಸಿ, ಕಿಟಕಿ ತೆಗೆದು, ಆ ಕೋಣೆಯಿಂದ ಹೊರಗೆ ನಡೀರಿ. ಪಿವಿಸಿ ಸುಟ್ಟರೆ ಬರೋದು ಹೈಡ್ರೋಜನ್ ಕ್ಲೋರೈಡ್, ಕಣ್ಣು ಗಂಟಲು ಉರಿಯುತ್ತೆ. ಮೈಕ್ರೋವೇವಲ್ಲಂತೂ ಇದನ್ನ ಬೇಯಿಸಲೇಬಾರದು.

ಮಳೆಗಾಲ (ಸಕಲೇಶಪುರ)

ಒಂದು ಪ್ರಶ್ನೆ. ನಮ್ಮ ಕಡೆ ಜೂನ್ ಬಂತು ಅಂದ್ರೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಅರ್ಧ ಬೇಯುವಾಗ ಕರೆಂಟ್ ಹೋದ್ರೆ ಆ ತುಂಡು ಎಸೆಯಬೇಕಾ?

ಸಂತೆಪೇಟೆ ಕೈಕೆಲಸ (ಹಾಸನ)

ಎಸೆಯೋದು ಬೇಡ. ಬಾಗಿಲು ತೆಗೀದೆ ಹಾಗೇ ಬಿಡಿ. ಕರೆಂಟ್ ಬಂದಮೇಲೆ ಮತ್ತೆ ಅದೇ ಬಿಸಿಗೆ ತಂದು, ಪೂರ್ತಿ 30 ನಿಮಿಷ ಹೊಸದಾಗಿ ಎಣಿಸಿ. ಬಿಸಿ ಮೀರದಿದ್ದರೆ ಎಷ್ಟು ಸಲ ಬೇಯಿಸಿದ್ರೂ ಕೆಡಲ್ಲ. ನಾನು ಒಂದೇ ಮುಚ್ಚಳವನ್ನ ಮೂರು ಸಲ ಬೇಯಿಸಿದ್ದೀನಿ: ತಳದ ಹಾಳೆಗೆ ಒಮ್ಮೆ, ಎಲೆಗಳಿಗೆ ಒಮ್ಮೆ, ಹೂವಿಗೆ ಒಮ್ಮೆ. ಕಡಿಮೆ ಬೆಂದದ್ದೇ ಅಪಾಯ. ಸರಿಯಾಗಿ ಬೆಂದ ತೆಳು ಹಾಳೆ ಬಗ್ಗಿಸಿದ್ರೆ ಬಾಗುತ್ತೆ, ಅರೆಬೆಂದದ್ದು ಹಪ್ಪಳದ ಥರ ಚಟ್ ಅಂತ ಮುರಿಯುತ್ತೆ.

ಮಳೆಗಾಲ (ಸಕಲೇಶಪುರ)

ತುಂಬಾ ಉಪಕಾರ ಆಯ್ತು. ನಾನು ಇಷ್ಟು ದಿನ ಕಾರ್ನ್‌ಫ್ಲೋರ್, ಫೆವಿಕಾಲ್ ಕಾಯಿಸಿ ನಾದಿದ ಕ್ಲೇಯಲ್ಲಿ ಮಾಡ್ತಿದ್ದೆ. ಬೇಸಿಗೇಲಿ ಚೆಂದ. ಆದ್ರೆ ಆರೋವಾಗ ಕುಗ್ಗುತ್ತೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ. ಹೋದ ವರ್ಷ ಅತ್ತಿಗೆ ಮಗುವಿನ ಹುಟ್ಟುಗೂದಲು ಇಡೋಕೆ ಅಂತ ಮಾಡಿಕೊಟ್ಟ ಡಬ್ಬಿ ಆಗಸ್ಟಿಗೆಲ್ಲ ಹಸಿರಾಗಿತ್ತು. ಅತ್ತಿಗೆ ಏನೂ ಅನ್ನಲಿಲ್ಲ, ನನಗೇ ಮುಖ ತೋರಿಸೋಕೆ ಆಗಲಿಲ್ಲ. ಅದಕ್ಕೇ ಇದರ ಕಡೆ ಬಂದೆ.

ಬಡಗಿಮನೆ (ಅರಸೀಕೆರೆ)

ನಾನು ಕ್ಲೇ ಕೆಲಸದವನಲ್ಲ, ಮರದ ಕೆಲಸದವನು. ನನ್ನ ಮಗಳು ಇದನ್ನ ಓದಿ ತೋರಿಸಿದಳು, ಅದಕ್ಕೆ ಬರೀತಿದ್ದೀನಿ.

ಅಮ್ಮಾ, ಆ ಪೆಟ್ಟಿಗೆ ಓವನ್ನಿಗೆ ಇಡಬಾರದು ಅಂತ ಮೇಲಿನವರು ಹೇಳಿದ್ದು ಸರಿ. ಕಾರಣ ಎರಡು. ಹಳೇ ಬೀಟೆ ಸಾಮಾನಿಗೆ ಹಾಕುತ್ತಿದ್ದದ್ದು ಸ್ಪಿರಿಟ್ಟಿನ ಪಾಲಿಶು. ಅರಗನ್ನ ಸ್ಪಿರಿಟ್ಟಲ್ಲಿ ಕರಗಿಸಿ ಬಟ್ಟೇಲಿ ಉಜ್ಜುತ್ತಿದ್ದರು. ಅರಗು 80 ಡಿಗ್ರಿ ಒಳಗೇ ಕರಗಿಬಿಡುತ್ತೆ. ನೀವು 130 ಕೊಟ್ಟರೆ ಪಾಲಿಶ್ ಬೊಬ್ಬೆ ಎದ್ದು ಕಪ್ಪಾಗುತ್ತೆ. ಎರಡನೇದು, ಆ ಕಾಲದ ಕೂಡುಗಳಿಗೆ ಹಾಕುತ್ತಿದ್ದದ್ದು ಮರವಜ್ರ. ಪ್ರಾಣಿಯ ಚರ್ಮ ಮೂಳೆ ಕುದಿಸಿ ಮಾಡುವ ಅಂಟು. ಅದನ್ನ ಬಿಸಿಮಾಡಿ ಕರಗಿಸಿಯೇ ಹಚ್ಚುತ್ತಿದ್ದದ್ದು, ಹಾಗಾಗಿ ಬಿಸಿಗೆ ಮತ್ತೆ ಸಡಿಲ ಆಗುತ್ತೆ. ಒಳಗಿನ ಮನೆಗಳೆಲ್ಲ ಬಿಚ್ಚಿಕೊಂಡು ಬರುತ್ತೆ.

ಚನ್ನಪಟ್ಟಣದ ಕುಂಕುಮದ ಡಬ್ಬಿಗೂ ಇದೇ ಮಾತು. ಅದರ ಬಣ್ಣವೆಲ್ಲ ಅರಗು. ಚರಕಿಯಲ್ಲಿ ತಿರುಗುವಾಗ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಹತ್ತಿಸಿರುತ್ತಾರೆ. ಯಾರೂ ಅದನ್ನ ಓವನ್ನಿಗೆ ಇಡಬೇಡಿ.

ಇನ್ನು ಸೀಳು ಬಿಟ್ಟಿದ್ದು. ಮರ ಮಳೆಗಾಲದಲ್ಲಿ ಅಗಲ ಆಗುತ್ತೆ, ಬೇಸಿಗೇಲಿ ಕುಗ್ಗುತ್ತೆ. ಉದ್ದಕ್ಕೆ ಅಷ್ಟಿಲ್ಲ, ಎಳೆಗೆ ಅಡ್ಡಲಾಗಿ ಜಾಸ್ತಿ. ನಿಮ್ಮ ಕ್ಲೇ ಪ್ಲಾಸ್ಟಿಕ್ಕು, ಅದಕ್ಕೆ ಮಳೆಯೂ ಇಲ್ಲ ಬಿಸಿಲೂ ಇಲ್ಲ. ಕೂಡಿನ ಮೇಲೆ ಸುತ್ತಿ ಕಟ್ಟಿಹಾಕಿದ್ರೆ ಮರ ಸುಮ್ಮನಿರಲ್ಲ, ಮೂಲೆ ಒಡೆಯುತ್ತೆ. ಮೂಲೆಗಳನ್ನ ಬರಿದಾಗಿ ಬಿಡಿ.

ಕಡೂರು ಮೇಷ್ಟ್ರು

ನನ್ನದು ಬೇರೆಯೇ ಮಾತು. ಓವನ್ನಿಗೆ ಇಡದೆ, ಬೇರೆ ಬೇಯಿಸಿ ಅಂಟಿಸಿದರೂ ಆ ಪೆಟ್ಟಿಗೆಗೆ ಯಾಕಮ್ಮ ಅಂಟಿಸಬೇಕು? ಮುರಿದ ಎಸಳು, ಸವೆದ ಮೂಲೆ ನಿಮ್ಮಜ್ಜಿಯ ಕೈ ಓಡಾಡಿದ ಜಾಗ. ಅದರ ಮೇಲೆ ಹೊಸ ಹೂವು ಕೂರಿಸಿದರೆ ನಿಮ್ಮ ಮಕ್ಕಳು ನೋಡುವುದು ನಿಮ್ಮ ಹೂವನ್ನು, ಅಜ್ಜಿಯ ಹೂವನ್ನಲ್ಲ. ಬೇಸರ ಮಾಡಿಕೊಳ್ಳಬೇಡಿ. ನಮ್ಮ ತಾಯಿಯ ಕುಂಕುಮದ ಭರಣಿಗೆ ನಾನೇ ಬಂಗಾರದ ಬಣ್ಣದ ಪೇಂಟ್ ಹೊಡೆಸಿ ಹಾಳುಮಾಡಿದೆ. ಇಪ್ಪತ್ತು ವರ್ಷವಾದರೂ ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕಾಫಿಹೂ (ಮೂಡಿಗೆರೆ)

ಸರ್, ನಿಮ್ಮ ಮಾತು ಓದಿ ನಿನ್ನೆ ರಾತ್ರಿ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತಿದ್ದೆ. ಬೇಸರ ಆಗಲಿಲ್ಲ. ಆದ್ರೆ ನನ್ನ ಕಷ್ಟವೂ ಹೇಳ್ತೀನಿ. ಪೆಟ್ಟಿಗೆ ಒಂದು, ನಾವು ಮೊಮ್ಮಕ್ಕಳು ಮೂರು ಜನ. ನಾನು, ಹಾಸನದಲ್ಲಿರೋ ಚಿಕ್ಕಮ್ಮನ ಮಗಳು, ಬೆಂಗಳೂರಲ್ಲಿರೋ ಮಾವನ ಮಗಳು. ಅಜ್ಜಿ ಮೂವರ ಜಡೆಯನ್ನೂ ಹಾಕಿದವರು. ಪೆಟ್ಟಿಗೆ ಯಾರ ಹತ್ರ ಇರಬೇಕು ಅಂತ ಯಾರೂ ಬಾಯಿಬಿಟ್ಟು ಕೇಳಿಲ್ಲ, ಆದ್ರೆ ಎಲ್ಲರ ಮನಸ್ಸಲ್ಲೂ ಇದೆ. ನಾನು ಅದಕ್ಕೆ ಕ್ಲೇ ಹಚ್ಚಿ ನನ್ನದು ಮಾಡಿಕೊಳ್ಳೋಕೆ ಹೊರಟಿದ್ದೆನಾ ಅಂತ ನಿನ್ನೆ ಅನ್ನಿಸ್ತು.

ಬೇಲೂರಿನವಳು

ಕಾಫಿಹೂ, ಹಾಗಿದ್ರೆ ಪೆಟ್ಟಿಗೆ ಮುಟ್ಟದೆ ಆ ಹೂವನ್ನ ಮಾತ್ರ ತಗೊಳ್ಳಿ. ಅಚ್ಚು ತೆಗೀರಿ.

ಎರಡು ಮುದ್ದೆ ಬರೋ ಸಿಲಿಕೋನ್ ಪುಟ್ಟಿ ಅಂತ ಸಿಗುತ್ತೆ. ಎರಡನ್ನೂ ಸಮ ಅಳತೆಯಲ್ಲಿ ಬಣ್ಣ ಒಂದಾಗೋವರೆಗೆ ನಾದಿ ಕೆತ್ತನೆ ಮೇಲೆ ಒತ್ತಿದ್ರೆ, ಬಿಸಿ ಬೇಕಿಲ್ಲ, ಸ್ವಲ್ಪ ಹೊತ್ತಲ್ಲೇ ರಬ್ಬರ್ ಆಗುತ್ತೆ. ಬೇಯದ ಪಾಲಿಮರ್ ಕ್ಲೇಯನ್ನೇ ನೇರ ಒತ್ತಿ ಅಚ್ಚು ತೆಗೆಯೋರೂ ಇದ್ದಾರೆ. ನಿಮಗೆ ಅದು ಬೇಡ. ಅದರ ಎಣ್ಣೆ ಹಳೇ ಪಾಲಿಶಿಗೆ ತಾಗಬಾರದು, ಕೆತ್ತನೆಯ ಒಳಸಂದಿಗೆ ಸಿಕ್ಕಿದ್ದು ಎಳೆಯುವಾಗ ಹಿಗ್ಗಿಹೋಗುತ್ತೆ. ರಬ್ಬರ್ ಆದ್ರೆ ಬಾಗಿ ಬಿಟ್ಟುಕೊಂಡು ಬರುತ್ತೆ. ಮೊದಲು ಪೆಟ್ಟಿಗೆ ತಳದಲ್ಲಿ ಕಡಲೆಕಾಳಿನಷ್ಟು ಪುಟ್ಟಿ ಒತ್ತಿ ನೋಡಿ. ಕಲೆ ಬೀಳದಿದ್ರೆ ಮಾತ್ರ ಮುಚ್ಚಳಕ್ಕೆ. ಕೆತ್ತನೆಯಲ್ಲಿ ಕೂತ ಧೂಳನ್ನ ಒಣ ಬ್ರಷ್ಷಲ್ಲಿ ತೆಗೆದಿರಿ.

ಆಮೇಲೆ ಆ ಅಚ್ಚಿನಲ್ಲಿ ಎಷ್ಟು ಬೇಕಾದ್ರೂ ಹೂವು ತೆಗೀಬಹುದು. ಮೂವರಿಗೂ ಒಂದೊಂದು.

ಇನ್ನೊಂದು, ಕೆತ್ತನೆ ಹಳೇದರ ಹಾಗೆ ಕಾಣಬೇಕಂದ್ರೆ ನೆರಳು ಬೇಕು. ನಮ್ಮೂರ ಗುಡಿಯಲ್ಲಿ ಇದನ್ನ ಚಿಕ್ಕಂದಿನಿಂದ ನೋಡ್ತಾ ಬೆಳೆದವಳು ನಾನು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ಬಂದಾಗ ಮೆತ್ತಗಿರುತ್ತೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತೆ. ಅದಕ್ಕೇ ಮದನಿಕೆಯ ಬಳೆ ಸಂದಿಯಲ್ಲೂ ಉಳಿ ಆಡಿಸೋಕೆ ಆಗಿದ್ದು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಯ ಹೂವು ಇವತ್ತೂ ಎದ್ದು ಕಾಣೋದು ಹೂವಿನ ಅಡಿಯ ಆ ಆಳದ ಕತ್ತಲಿಂದ. ಕ್ಲೇಯಲ್ಲಿ ಅಷ್ಟು ಆಳ ಕೊರೆಯೋಕೆ ಆಗಲ್ಲ. ಬೆಂದು ಆರಿದ ಮೇಲೆ ಕಡುಕಂದು ಅಕ್ರಿಲಿಕ್ ಬಣ್ಣ ಪೂರ್ತಿ ಬಳಿದು, ಒಣಗೋ ಮೊದಲು ಒದ್ದೆ ಬಟ್ಟೆಯಲ್ಲಿ ಮೇಲ್ಮೇಲೆ ಒರೆಸಿ. ಸಂದಿಯಲ್ಲಿ ಬಣ್ಣ ಉಳಿಯುತ್ತೆ, ಎಸಳು ಮೇಲೆದ್ದು ಬರುತ್ತೆ.

ಅಂಚಿಗೆ ಪಟ್ಟಿಕೆ ಬೇಕಾದ್ರೆ ಒಮ್ಮೆ ಹಳೇಬೀಡಿಗೆ ಹೋಗಿ ಗೋಡೆಯ ಬುಡ ನೋಡಿ ಬನ್ನಿ. ಕೆಳಗೆ ಆನೆಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಹೀಗೆ ಹೋಗ್ತಾ ಮೇಲೆ ಹಂಸ. ಸಣ್ಣ ಪೆಟ್ಟಿಗೆಗೆ ಅಷ್ಟೂ ಬೇಡ. ಬಳ್ಳಿಸಾಲು ಒಂದೇ ಸಾಕು.

ಹೊಸ ಕೈ (ಹಾಸನ)

ಕಾಫಿ ಎಲೆಯ ಅಚ್ಚು ಒತ್ತಬಹುದಾ? ನಮ್ಮ ಮನೆ ಹಿಂದೆ ಎರಡು ಗಿಡ ಇದೆ.

ಸಂತೆಪೇಟೆ ಕೈಕೆಲಸ (ಹಾಸನ)

ಧಾರಾಳವಾಗಿ. ಎಲೆಯ ಬೆನ್ನಿನ ಕಡೆ ನರ ಎದ್ದಿರುತ್ತೆ, ಆ ಮಗ್ಗುಲು ಕ್ಲೇಗೆ ತಾಗಲಿ. ಕಾರ್ನ್‌ಫ್ಲೋರ್ ಸವರಿ, ಮೇಲೆ ಲಟ್ಟಣಿಗೆ ಒಂದೇ ಸಲ ಆಡಿಸಿ. ಕಾಫಿ ಎಲೆ ಅಂಚು ಅಲೆಅಲೆಯಾಗಿರೋದ್ರಿಂದ ಬಹಳ ಲಕ್ಷಣವಾಗಿ ಬರುತ್ತೆ. ಲಟ್ಟಣಿಗೆ ಮಾತ್ರ ಇದಕ್ಕೇ ಬೇರೆ ಇಡಿ, ಚಪಾತಿಗೆ ವಾಪಸ್ ಒಯ್ಯಬೇಡಿ. ಚಕ್ಕುಲಿ ಒರಳು ಬಳಸಿದ್ರೆ ಅದಕ್ಕೂ ಅದೇ ನಿಯಮ. ಬೇಯದ ಕ್ಲೇಯನ್ನ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಬೇಡಿ, ಕೆಲವು ಜಾತಿ ಪ್ಲಾಸ್ಟಿಕ್ಕನ್ನ ಅದು ಕರಗಿಸುತ್ತೆ. ಹಾಲಿನ ಕವರಿನಂಥ ಮೆತ್ತನೆ ಪ್ಲಾಸ್ಟಿಕ್ಕಲ್ಲಿ ಸುತ್ತಿಡಿ.

ಬಡಗಿಮನೆ (ಅರಸೀಕೆರೆ)

ಬೇಲೂರಿನ ತಾಯಿ ಹೇಳಿದ ಅಚ್ಚಿನ ಉಪಾಯ ಮನಸ್ಸಿಗೆ ಬಂತು. ಮೂರು ಹೊಸ ಪೆಟ್ಟಿಗೆ ಮಾಡಿಸಿ ಅಮ್ಮಾ. ಹಲಸಿನ ಮರ ಆದ್ರೆ ಒಳ್ಳೇದು, ಹಳದಿ ಬಣ್ಣ ವರ್ಷ ಕಳೆದಂತೆ ಕೆಂಪಾಗುತ್ತೆ. ನಿಮ್ಮ ಕಡೆ ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟು ಸಿಗುತ್ತೆ, ಅದೂ ಆಗುತ್ತೆ, ಆದ್ರೆ ಚೆನ್ನಾಗಿ ಒಣಗಿರಬೇಕು.

ಮುಚ್ಚಳದ ನಡುವೆ ಎರಡು ಮಿಲಿಮೀಟರ್ ಆಳಕ್ಕೆ ಚೌಕ ತಗ್ಗು ತೆಗೆಸಿ. ಕ್ಲೇ ಬಿಲ್ಲೆಯನ್ನ ಬೇರೆ ಬೇಯಿಸಿ ಆ ತಗ್ಗಿನಲ್ಲಿ ಕೂರಿಸಿ. ಸುತ್ತ ಒಂದು ಪೋಸ್ಟ್‌ಕಾರ್ಡ್ ದಪ್ಪದಷ್ಟು ಜಾಗ ಬಿಡಿ, ಮರ ಕುಗ್ಗಿದಾಗ ಬಿಲ್ಲೆಯನ್ನ ಒತ್ತಬಾರದು. ನಡುವಿನಲ್ಲಿ ಮಾತ್ರ ಅಂಟು, ಅಂಚಿಗೆ ಬೇಡ. ಹೀಗೆ ಮಾಡಿದ್ರೆ ಮರ ಓವನ್ನಿಗೆ ಹೋಗೋದೇ ಇಲ್ಲ, ಉಬ್ಬೋ ಪ್ರಶ್ನೆಯೇ ಇಲ್ಲ.

ಸಂತೆಪೇಟೆ ಕೈಕೆಲಸ (ಹಾಸನ)

ಅಣ್ಣಾ, ಹದಿನೈದು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ, ತಗ್ಗು ತೆಗೆಸೋ ವಿಚಾರ ನನಗೆ ಹೊಳೆದೇ ಇರಲಿಲ್ಲ. ನನ್ನ ಮಕ್ಕಳಿಗೆ ಇನ್ನು ಹೀಗೇ ಹೇಳಿಕೊಡ್ತೀನಿ.

ಕಾಫಿಹೂ, ಬಿಲ್ಲೆ ಬೇಯಿಸುವಾಗ ಗ್ಲೇಜ್ ಇರೋ ಟೈಲ್ಸ್ ತುಂಡಿನ ಮೇಲೆ ಮಾಡಿ, ಅದರ ಮೇಲೇ ಬೇಯಿಸಿ. ಕೈಯಲ್ಲಿ ಎತ್ತಿದ್ರೆ ಆಕಾರ ಕೆಡುತ್ತೆ. ಟೈಲ್ಸ್ ಮೇಲೇ ಪೂರ್ತಿ ಆರಲಿ, ಆಗ ಸೊಟ್ಟಗಾಗಲ್ಲ. 57 ಗ್ರಾಮಿನ ಒಂದು ತುಂಡನ್ನ ಎರಡು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದ್ರೆ ಹೆಚ್ಚುಕಡಿಮೆ ಆರಿಂಚಿಗೆ ನಾಲ್ಕಿಂಚು ಹಾಳೆ ಬರುತ್ತೆ, ಅದರ ಮೇಲೆ ಲೆಕ್ಕ ಹಾಕಿಕೊಳ್ಳಿ.

ಕಾಫಿಹೂ (ಮೂಡಿಗೆರೆ)

ಆರು ವಾರ ಆದ್ಮೇಲೆ ಬರೀತಿದ್ದೀನಿ, ಕ್ಷಮಿಸಿ.

ನಮ್ಮ ತೋಟದಲ್ಲೇ ಬಿದ್ದಿದ್ದ ಹಲಸಿನ ಹಲಗೆ ಅಟ್ಟದಲ್ಲಿತ್ತು, ಅಜ್ಜ ಕೊಯ್ಸಿಟ್ಟಿದ್ದು. ಅದರಲ್ಲೇ ಮೂರು ಪೆಟ್ಟಿಗೆ ಆಯ್ತು. ತಗ್ಗು, ಪೋಸ್ಟ್‌ಕಾರ್ಡ್ ಜಾಗ, ಎಲ್ಲ ಹೇಳಿದ ಹಾಗೇ. ಸಿಲಿಕೋನನ್ನ ಮೊದಲು ತಳದಲ್ಲಿ ಒತ್ತಿ ನೋಡಿದೆ, ಏನೂ ಆಗಲಿಲ್ಲ. ಮುಚ್ಚಳದ ಮೇಲೆ ಒತ್ತುವಾಗ ಕೈ ನಡುಗುತ್ತಿತ್ತು, ಅಮ್ಮ ಪಕ್ಕದಲ್ಲಿ ಪೆಟ್ಟಿಗೆ ಹಿಡಿದು ಕೂತಿದ್ರು. ಅಚ್ಚು ಬಿಡಿಸಿದಾಗ ಹೂವು, ಎರಡು ಸುತ್ತು ಬಳ್ಳಿ, ಬಡಗಿಯ ಉಳಿ ಗೀರು ಸಮೇತ ಬಂದಿತ್ತು.

ಮೊದಲನೇ ಬಿಲ್ಲೆಗೆ ಕ್ಲೇ ಕಡಿಮೆ ಬಿತ್ತು, ಬಳ್ಳಿ ತುದಿ ತುಂಬಲಿಲ್ಲ. ಎರಡನೇದು ಬೇಯುವಾಗ ಕರೆಂಟ್ ಹೋಯ್ತು. ಇಲ್ಲಿ ಓದಿದ್ದರಿಂದ ಗಾಬರಿ ಆಗಲಿಲ್ಲ, ಬಾಗಿಲು ತೆಗೆಯದೆ ಕಾದೆ, ಮತ್ತೆ ಅರ್ಧ ಗಂಟೆ ಕೊಟ್ಟೆ. ಗಟ್ಟಿಯಾಗಿದೆ. ಕಂದು ಬಣ್ಣ ಬಳಿದು ಒರೆಸಿದ ಮೇಲೆ ಅಮ್ಮ ಬಿಲ್ಲೆ ಕೈಗೆ ತಗೊಂಡು ಬಹಳ ಹೊತ್ತು ಮಾತಾಡಲಿಲ್ಲ.

ಒಂದು ವಿಷಯ ಮಾತ್ರ ಮೊದಲೇ ಯೋಚಿಸಿರಲಿಲ್ಲ. ಮುರಿದ ಎಸಳೂ ಅಚ್ಚಿನಲ್ಲಿ ಬಂದಿದೆ. ಮೂರೂ ಹೂವಿಗೆ ಏಳೂವರೆ ಎಸಳು. ಬೇಯಿಸೋ ಮೊದಲೇ ಒಂದು ಚೂರು ಕ್ಲೇ ಇಟ್ಟು ತುಂಬಿಸಬಹುದಿತ್ತು. ಫೋಟೋ ಕಳಿಸಿ ಇಬ್ಬರನ್ನೂ ಕೇಳಿದೆ. ಹಾಸನದವಳು ತಕ್ಷಣ ಫೋನ್ ಮಾಡಿದಳು. ಚಿಕ್ಕವಳಿದ್ದಾಗ ಪೆಟ್ಟಿಗೆಯನ್ನ ಜಗಲಿಯಿಂದ ಬೀಳಿಸಿ ಆ ಎಸಳು ಮುರಿದವಳು ಅವಳೇ ಅಂತೆ. ಅಜ್ಜಿ ಯಾರಿಗೂ ಹೇಳಿರಲಿಲ್ಲ, ಅವಳನ್ನ ಬೈದೂ ಇರಲಿಲ್ಲವಂತೆ. ಹಾಗೇ ಇರಲಿ ಅಂದಳು, ಹಾಗೇ ಬೇಯಿಸಿದೆ.

ಮೂಗುಬೊಟ್ಟು ಅವಳ ಪೆಟ್ಟಿಗೆಗೆ. ಕಾಲುಂಗುರ ಒಂದೊಂದು ನಮ್ಮಿಬ್ಬರಿಗೆ. ಹಳೇ ಪೆಟ್ಟಿಗೆ ಅಡಕತ್ತರಿ ಸಮೇತ ಅಮ್ಮನ ಕೋಣೆಯಲ್ಲಿದೆ, ಮೊದಲು ಹೇಗಿತ್ತೋ ಹಾಗೇ.

ಕಡೂರು ಮೇಷ್ಟ್ರು

ಅಮ್ಮಾ, ಆ ಅಚ್ಚನ್ನು ಬಿಸಾಡಬೇಡಿ.

ಕಾಫಿಹೂ (ಮೂಡಿಗೆರೆ)

ಇಲ್ಲ ಸರ್. ಬಟ್ಟೆಯಲ್ಲಿ ಸುತ್ತಿ ಹಳೇ ಪೆಟ್ಟಿಗೆಯೊಳಗೆ, ಸುಣ್ಣದ ಡಬ್ಬಿ ಇಡ್ತಿದ್ದ ಮನೆಯಲ್ಲಿ ಇಟ್ಟಿದ್ದೀನಿ. ಸರಿಯಾಗಿ ಹಿಡಿಸ್ತು.